ಹೆಪ್ಪಿನೊಳಗಿನ ಕತ್ತರಿ

ಹಾಲಿಗೆ ಹೆಪ್ಪು ಹಾಕಿದ್ರೆ ಮೊಸರು ಯಾಕಾಗುತ್ತೆ? ಈ ಪ್ರಶ್ನೆಗೆ ಹೈಸ್ಕೂಲಲ್ಲೇ ಉತ್ತರ ಬರೆದು ಮಾರ್ಕ್ಸ್ ತಗೊಂಡವರು ನಾವೆಲ್ಲ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿ ಬದಲಾಯಿಸುತ್ತವೆ, ಆಮ್ಲದಿಂದ ಹಾಲು ಗಟ್ಟಿಯಾಗುತ್ತೆ. ಉತ್ತರ ಸರಿಯಾಗೇ ಇದೆ. ಆದರೆ ಅದರಲ್ಲಿ ಒಂದು ಮುಖ್ಯ ಲೆಕ್ಕ ಬಿಟ್ಟುಹೋಗಿದೆ. ಆ ಲೆಕ್ಕ ಗೊತ್ತಾದ್ರೆ ರೂಮಿನಲ್ಲಿ ಮೊಸರು ಯಾಕೆ ಕೆಲವು ಸಲ ಕೈಕೊಡುತ್ತೆ, ಫ್ರಿಜ್ಜಿನಲ್ಲಿಟ್ಟ ಹಾಲು ಹುಳಿಯಾಗದೇ ಕಹಿ ಯಾಕಾಗುತ್ತೆ, ಒಂದು ಮನೆಯ ಹೆಪ್ಪು ವರ್ಷಗಟ್ಟಲೆ ಹೇಗೆ ನಡೆದುಕೊಂಡು ಬರುತ್ತೆ ಅನ್ನೋದೆಲ್ಲ ಅರ್ಥವಾಗುತ್ತೆ.

ಅರ್ಧ ಲೀಟರ್ ಹಾಲಿಗೆ ಒಂದು ಸಣ್ಣ ಚಮಚ, ಅಂದ್ರೆ ಸುಮಾರು 5 ಎಂಎಲ್ ಹೆಪ್ಪು ಹಾಕಿದಿರಿ ಅಂತಿಟ್ಟುಕೊಳ್ಳಿ. ಹೆಪ್ಪಿನಲ್ಲಿದ್ದ ಬ್ಯಾಕ್ಟೀರಿಯಾ 100 ಪಟ್ಟು ತೆಳುವಾಯ್ತು. ಬೆಳಗ್ಗೆ ಹೊತ್ತಿಗೆ ಈ ಹಾಲು ನಿನ್ನೆಯ ಮೊಸರಿನ ಹಾಗೇ ಆಗಬೇಕು ಅಂದ್ರೆ ಅವು ಮತ್ತೆ 100 ಪಟ್ಟಾಗಬೇಕು. ಒಂದು ಎರಡಾಗಿ, ಎರಡು ನಾಲ್ಕಾಗಿ ಹೀಗೆ ಆರೂವರೆ ಸಲಕ್ಕಿಂತ ಸ್ವಲ್ಪ ಹೆಚ್ಚು ದ್ವಿಗುಣ ಆಗಬೇಕು. ಚೆನ್ನಾಗಿ ಆದ ಮೊಸರಿನ ಒಂದು ಎಂಎಲ್‌ನಲ್ಲಿ ಸುಮಾರು 100 ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಅರ್ಧ ಲೀಟರಿಗೆ 50,000 ಕೋಟಿ ಆಯ್ತು. ಇಷ್ಟೂ ಬ್ಯಾಕ್ಟೀರಿಯಾಗಳ ಮೈ ಯಾವುದರಿಂದ ಕಟ್ಟಿದ್ದು?

ಬ್ಯಾಕ್ಟೀರಿಯಾದ ಒಣತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಪ್ರೋಟೀನ್. ಪ್ರೋಟೀನ್ ಕಟ್ಟೋಕೆ ಅಮೈನೋ ಆಮ್ಲ ಬೇಕು. ಲ್ಯಾಕ್ಟೋಸಿನಲ್ಲಿ ಸಾರಜನಕವೇ ಇಲ್ಲ; ಅದು ಶಕ್ತಿ ಕೊಡುತ್ತೆ ಅಷ್ಟೇ. ಡೀಸೆಲ್ ಎಷ್ಟಿದ್ರೇನು, ಇಟ್ಟಿಗೆ ಇಲ್ಲದೆ ಮನೆ ಏಳೋದಿಲ್ಲವಲ್ಲ. ಹಾಗಾದ್ರೆ ಇಟ್ಟಿಗೆ ಎಲ್ಲಿಂದ ಬರುತ್ತೆ?

ಇಟ್ಟಿಗೆ ಇದೆ, ಆದರೆ ಬೀಗ ಹಾಕಿದೆ

ಒಂದು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 32 ಗ್ರಾಂ ಪ್ರೋಟೀನ್ ಇರುತ್ತೆ. ಅದರಲ್ಲಿ ನೂರಕ್ಕೆ 80 ಭಾಗ ಕೇಸಿನ್. ಅಂದ್ರೆ ಇಟ್ಟಿಗೆಗೆ ಬರವಿಲ್ಲ. ಆದರೆ ಕೇಸಿನ್ ಬಿಡಿಬಿಡಿಯಾಗಿ ತೇಲುತ್ತಾ ಇರೋದಿಲ್ಲ. ಸಾವಿರಾರು ಅಣುಗಳು ಕ್ಯಾಲ್ಸಿಯಂ ಫಾಸ್ಫೇಟ್ ಜೊತೆ ಸೇರಿ ಸಣ್ಣ ಉಂಡೆ ಕಟ್ಟಿಕೊಂಡಿರುತ್ತವೆ. ಈ ಉಂಡೆಗಳಿಗೆ ಮೈಸೆಲ್ ಅಂತ ಹೆಸರು. ಗಾತ್ರ ಸಾಮಾನ್ಯವಾಗಿ 100ರಿಂದ 200 ನ್ಯಾನೋಮೀಟರ್ ಆಸುಪಾಸು. ಹಾಲು ಬೆಳ್ಳಗೆ ಕಾಣೋದಕ್ಕೆ ಈ ಉಂಡೆಗಳು ಬೆಳಕನ್ನು ಚದುರಿಸೋದೂ ಒಂದು ಕಾರಣ.

ಬ್ಯಾಕ್ಟೀರಿಯಾದ ಅಗಲ ಸುಮಾರು 1000 ನ್ಯಾನೋಮೀಟರ್. ತನ್ನ ಅಗಲದ ಹತ್ತನೇ ಒಂದು ಭಾಗದಷ್ಟು, ಐದನೇ ಒಂದು ಭಾಗದಷ್ಟು ದಪ್ಪದ ಉಂಡೆಯನ್ನು ಅದು ನುಂಗೋಕಾಗಲ್ಲ. ಅದಕ್ಕೆ ಬಾಯಿಲ್ಲ. ಗೋಡೆ ಇದೆ, ಒಳಗೆ ಪೊರೆ ಇದೆ, ಪೊರೆಯಲ್ಲಿ ಸಣ್ಣ ತುಣುಕುಗಳು ಮಾತ್ರ ನುಗ್ಗುವಂಥ ಬಾಗಿಲುಗಳಿವೆ. ಬಿಡಿ ಅಮೈನೋ ಆಮ್ಲಗಳೂ ಸಣ್ಣ ತುಣುಕುಗಳೂ ಹಾಲಿನಲ್ಲಿ ಸ್ವಲ್ಪ ಇವೆ, ಆದರೆ ಬಹಳ ಕಡಿಮೆ. ಮೇಲಾಗಿ, ಹಾಲಿಗೆ ಒಗ್ಗಿಕೊಂಡ ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್‌ನಂಥ ಬ್ಯಾಕ್ಟೀರಿಯಾಗಳು ಹಲವು ಅಮೈನೋ ಆಮ್ಲಗಳನ್ನು ತಾವೇ ತಯಾರಿಸುವ ಶಕ್ತಿ ಕಳೆದುಕೊಂಡಿವೆ. ಲ್ಯೂಸಿನ್, ವ್ಯಾಲಿನ್, ಹಿಸ್ಟಿಡಿನ್ ಇವೆಲ್ಲ ಹೊರಗಿಂದಲೇ ಬರಬೇಕು.

ಹಾಲಿನಲ್ಲಿ ಬಿಡಿಯಾಗಿ ಸಿಗುವ ಈ ಸಾಮಾನಿನಿಂದ ಎಷ್ಟು ದೂರ ಹೋಗಬಹುದು ಅಂತ ಅಳೆದು ನೋಡಿದ್ದಾರೆ. ಪೂರ್ತಿ ಬೆಳೆದಾಗ ಆಗಬೇಕಾದ ಸಂಖ್ಯೆಯ ಸುಮಾರು ಕಾಲು ಭಾಗ, ಕೆಲವು ತಳಿಗಳಲ್ಲಿ ಅದಕ್ಕೂ ಕಡಿಮೆ. ಈಗ ನಮ್ಮ ಲೆಕ್ಕಕ್ಕೆ ಬನ್ನಿ. ಕಾಲು ಭಾಗ ಅಂದ್ರೆ ಇನ್ನೂ ಎರಡು ದ್ವಿಗುಣ ಬಾಕಿ. ಕಾಲು ಅರ್ಧವಾಗಬೇಕು, ಅರ್ಧ ಪೂರ್ತಿಯಾಗಬೇಕು. ಹಾಲು ಮೊಸರಾಗೋಕೆ ಬೇಕಾದಷ್ಟು ಆಮ್ಲ ಬರೋದು ಮುಖ್ಯವಾಗಿ ಇದೇ ಹಂತದಲ್ಲಿ, ಯಾಕಂದ್ರೆ ಮುಕ್ಕಾಲು ಪಾಲು ಬ್ಯಾಕ್ಟೀರಿಯಾ ಹುಟ್ಟೋದೇ ಇಲ್ಲಿ. ಈ ಎರಡು ದ್ವಿಗುಣಕ್ಕೆ ಬೇಕಾದ ಸಾಮಾನು ಕೇಸಿನ್ನಿನಿಂದಲೇ ಬರಬೇಕು. ಅದಕ್ಕೆ ಕತ್ತರಿ ಬೇಕು.

ಕ್ವಾರಿ, ಕನ್ವೇಯರ್, ಕ್ರಷರ್

ಈ ಕತ್ತರಿಯ ಹೆಸರು ಪ್ರೋಟಿಯೇಸ್, ಅಂದ್ರೆ ಪ್ರೋಟೀನ್ ಕತ್ತರಿಸುವ ಕಿಣ್ವ. ಲ್ಯಾಕ್ಟೋಕಾಕಸ್‌ನಲ್ಲಿರೋದಕ್ಕೆ ಪಿಆರ್‌ಟಿಪಿ ಅಂತ ಕರೀತಾರೆ. ಸುಮಾರು 1900 ಅಮೈನೋ ಆಮ್ಲಗಳ ಉದ್ದನೆಯ ಸರಪಳಿಯಾಗಿ ಅದು ಜೀವಕೋಶದೊಳಗೆ ತಯಾರಾಗುತ್ತೆ. ಸಾಧಾರಣ ಕಿಣ್ವಗಳಿಗೆ ಹೋಲಿಸಿದ್ರೆ ಇದು ದೈತ್ಯ. ಪೊರೆ ದಾಟಿ ಹೊರಗೆ ಬಂದ ಮೇಲೆ ಪಿಆರ್‌ಟಿಎಂ ಎಂಬ ಇನ್ನೊಂದು ಪ್ರೋಟೀನಿನ ಸಹಾಯದಿಂದ ಸರಿಯಾದ ಆಕಾರಕ್ಕೆ ಬರುತ್ತೆ, ಮುಂದಿನ ತುಂಡನ್ನು ಕಳಚಿಕೊಂಡು ಕೆಲಸಕ್ಕೆ ಸಿದ್ಧವಾಗುತ್ತೆ. ಒಳಗಿರುವಾಗಲೇ ಹರಿತವಾಗಿದ್ದರೆ ತನ್ನ ಮನೆಯ ಪ್ರೋಟೀನುಗಳನ್ನೇ ಕತ್ತರಿಸಿಬಿಡೋ ಅಪಾಯ ಇತ್ತು. ಇದರ ಬಾಲವನ್ನು ಜೀವಕೋಶದ ಗೋಡೆಗೆ ರಾಸಾಯನಿಕವಾಗಿ ಕಟ್ಟಿಹಾಕಿರುತ್ತೆ. ಹಾಗಾಗಿ ಕತ್ತರಿ ಹೊರಗೆ ಚಾಚಿಕೊಂಡಿರುತ್ತೆ, ಆದರೆ ತೇಲಿಕೊಂಡು ಹೋಗಲ್ಲ.

ಕತ್ತರಿಸುವ ಬಗೆ ನಮ್ಮ ಕರುಳಿನ ಟ್ರಿಪ್ಸಿನ್ ಥರವೇ. ಆಸ್ಪಾರ್ಟೇಟ್, ಹಿಸ್ಟಿಡಿನ್, ಸೆರಿನ್ ಎಂಬ ಮೂರು ಅಮೈನೋ ಆಮ್ಲಗಳು ಒಂದು ಗುಳಿಯಲ್ಲಿ ಎದುರುಬದುರಾಗಿ ಕೂತಿರುತ್ತವೆ. ಸೆರಿನ್ ಹೋಗಿ ಕೇಸಿನ್ ಸರಪಳಿಯ ಕೊಂಡಿಯನ್ನು ಹಿಡಿಯುತ್ತೆ, ಕೊಂಡಿ ಕಳಚುತ್ತೆ, ಆಮೇಲೆ ಒಂದು ನೀರಿನ ಅಣು ಬಂದು ಸೆರಿನ್ನನ್ನು ಬಿಡಿಸುತ್ತೆ. ಕತ್ತರಿ ಮೊದಲಿನಂತೆ ಆಗಿ ಮುಂದಿನ ಕೊಂಡಿಗೆ ಕೈ ಹಾಕುತ್ತೆ.

ತುಮಕೂರು ಸುತ್ತ ಕಲ್ಲು ಕ್ರಷರ್ ನೋಡಿರುವವರಿಗೆ ಮುಂದಿನ ಕಥೆ ಸುಲಭ. ಬಂಡೆಯನ್ನು ಒಂದೇ ಏಟಿಗೆ ಎಂ-ಸ್ಯಾಂಡ್ ಮಾಡೋದಿಲ್ಲ. ಮೊದಲು ಕ್ವಾರಿಯಲ್ಲಿ ಒಡೀತಾರೆ, ಕನ್ವೇಯರಿನಲ್ಲಿ ಸಾಗಿಸ್ತಾರೆ, ಆಮೇಲೆ ಇನ್ನೊಂದು ಹಂತದಲ್ಲಿ ನುಣ್ಣಗೆ ಪುಡಿ ಮಾಡ್ತಾರೆ. ಇಲ್ಲೂ ಹಾಗೇ. ಗೋಡೆಯ ಮೇಲಿನ ಪಿಆರ್‌ಟಿಪಿ ಮೊದಲನೇ ಹಂತ. ಅದು ಕೇಸಿನ್ ಅನ್ನು ನೂರಕ್ಕೂ ಹೆಚ್ಚು ಬಗೆಯ ತುಣುಕು ಮಾಡುತ್ತೆ. ಈ ತುಣುಕುಗಳೇ ಪೆಪ್ಟೈಡ್. ಪೊರೆಯಲ್ಲಿರುವ ಓಪಿಪಿ ಎಂಬ ಸಾಗಣೆ ವ್ಯವಸ್ಥೆ ಕನ್ವೇಯರ್. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಅಮೈನೋ ಆಮ್ಲಗಳಿರುವ ತುಣುಕುಗಳನ್ನು ಅದು ಶಕ್ತಿ ಖರ್ಚು ಮಾಡಿ ಒಳಗೆ ಎಳೆದುಕೊಳ್ಳುತ್ತೆ. ಒಳಗೆ ಹತ್ತಕ್ಕೂ ಹೆಚ್ಚು ಬಗೆಯ ಪೆಪ್ಟಿಡೇಸ್ ಕಿಣ್ವಗಳು ಆ ತುಣುಕನ್ನು ಬಿಡಿ ಅಮೈನೋ ಆಮ್ಲ ಮಾಡುತ್ತವೆ.

ಇಡೀ ಸಾಲಿಗೆ ಒಂದು ಕಂಟ್ರೋಲರ್ ಕೂಡ ಇದೆ. ಕೋಡ್‌ವೈ ಎಂಬ ಪ್ರೋಟೀನ್ ಒಳಗಿರುವ ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್‌ಗಳ ಮಟ್ಟವನ್ನು ಗಮನಿಸುತ್ತೆ. ಸ್ಟಾಕ್ ಸಾಕಷ್ಟಿದ್ದರೆ ಕತ್ತರಿಯ ಜೀನನ್ನೂ ಕನ್ವೇಯರಿನ ಜೀನನ್ನೂ ತಗ್ಗಿಸುತ್ತೆ. ಕಡಿಮೆಯಾದ್ರೆ ಬಿಡುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಪಾಠದಲ್ಲಿ ಬರೋ ನೆಗೆಟಿವ್ ಫೀಡ್‌ಬ್ಯಾಕ್‌ಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಗಟ್ಟಿ ಮಾಡೋದು ಮಾತ್ರ ಆಮ್ಲ

ಇಲ್ಲಿ ಒಂದು ತಪ್ಪು ತಿಳಿವಳಿಕೆ ಆಗಬಾರದು. ಹಾಲನ್ನು ಗಟ್ಟಿ ಮಾಡೋದು ಈ ಕತ್ತರಿಯಲ್ಲ. ಹಾಲಿನ ಪಿಎಚ್ ಸುಮಾರು 6.7. ಆಗ ಕೇಸಿನ್ ಉಂಡೆಗಳ ಮೇಲೆ ಋಣ ವಿದ್ಯುದಂಶ ಇರುತ್ತೆ, ಅವು ಒಂದನ್ನೊಂದು ದೂರ ತಳ್ಳುತ್ತವೆ. ಆಮ್ಲ ಹೆಚ್ಚಿ ಪಿಎಚ್ 4.6ರ ಹತ್ತಿರ ಬಂದಾಗ ಆ ವಿದ್ಯುದಂಶ ಸರಿದೂಗಿ ಉಂಡೆಗಳು ಅಂಟಿಕೊಂಡು ಬಲೆಯಾಗುತ್ತವೆ. ನೀರು, ಕೊಬ್ಬು, ಬ್ಯಾಕ್ಟೀರಿಯಾ ಎಲ್ಲ ಬಲೆಯೊಳಗೆ ಸಿಕ್ಕಿಕೊಳ್ಳುತ್ತೆ. ಅದೇ ಮೊಸರು. ಚೀಸ್ ಮಾಡುವಾಗ ಹಾಕುವ ರೆನೆಟ್ಟಿನ ಕಥೆ ಬೇರೆ. ಅದರಲ್ಲಿರುವ ಕೈಮೋಸಿನ್ ಉಂಡೆಯ ಹೊರಮೈಯಲ್ಲಿರುವ ಕಪ್ಪಾ ಕೇಸಿನ್ನಿನ ಒಂದೇ ಒಂದು ಕೊಂಡಿ ಕತ್ತರಿಸುತ್ತೆ, ಹುಳಿಯಾಗದೇ ಹಾಲು ಗಟ್ಟಿಯಾಗುತ್ತೆ. ನಮ್ಮ ಹೆಪ್ಪಿನಲ್ಲಿ ಕತ್ತರಿಯ ಕೆಲಸ ಹಿನ್ನೆಲೆಯದ್ದು: ಊಟ ಒದಗಿಸಿ, ಆಮ್ಲ ಮಾಡುವವರ ಸಂಖ್ಯೆ ಹೆಚ್ಚಿಸೋದು.

ಇನ್ನೊಂದು ಮಾತು ಜಿಮ್‌ನಲ್ಲಿ, ವಾಟ್ಸಾಪಿನಲ್ಲಿ ಓಡಾಡ್ತಿರುತ್ತೆ: ಮೊಸರಿನಲ್ಲಿ ಪ್ರೋಟೀನೆಲ್ಲಾ ಬ್ಯಾಕ್ಟೀರಿಯಾ ಮೊದಲೇ ಜೀರ್ಣ ಮಾಡಿಟ್ಟಿರುತ್ತೆ ಅಂತ. ಹಾಗೇನಿಲ್ಲ. ಮೊಸರಾಗುವಾಗ ಹಾಲಿನ ಪ್ರೋಟೀನಿನಲ್ಲಿ ಕತ್ತರಿಗೆ ಸಿಗೋದು ನೂರಕ್ಕೆ ಒಂದೆರಡು ಭಾಗ ಮಾತ್ರ. ಉಳಿದದ್ದನ್ನು ಜೀರ್ಣ ಮಾಡಬೇಕಾದ್ದು ನಿಮ್ಮ ಹೊಟ್ಟೆಯೇ. ಮೊಸರು ಒಳ್ಳೆಯದು ಅನ್ನೋದಕ್ಕೆ ಬೇರೆ ಕಾರಣಗಳಿವೆ. ಲ್ಯಾಕ್ಟೋಸ್ ಸ್ವಲ್ಪ ಕಡಿಮೆಯಾಗಿರುತ್ತೆ ಅನ್ನೋದು ಅದರಲ್ಲಿ ಒಂದು.

ಪ್ರಾಜೆಕ್ಟ್ ಬ್ಯಾಚಿನ ಸಮಸ್ಯೆ

ಈಗ ಅಸಲಿ ತಕರಾರು. ಕತ್ತರಿ ಗೋಡೆಯ ಹೊರಗಿದೆ. ಅದು ಕತ್ತರಿಸಿದ ತುಣುಕುಗಳೂ ಹೊರಗೇ ಬೀಳುತ್ತವೆ. ಎಲ್ಲವನ್ನೂ ಅದೇ ಎಳೆದುಕೊಳ್ಳೋಕಾಗಲ್ಲ, ಒಂದಷ್ಟು ಅಕ್ಕಪಕ್ಕ ಹರಡಿಹೋಗುತ್ತೆ. ಪಕ್ಕದಲ್ಲಿ ಕತ್ತರಿಯೇ ಇಲ್ಲದ ಬ್ಯಾಕ್ಟೀರಿಯಾ ಇದ್ರೆ? ಅದಕ್ಕೆ ಪುಕ್ಕಟೆ ಊಟ. 1900 ಅಮೈನೋ ಆಮ್ಲಗಳ ಯಂತ್ರ ಕಟ್ಟುವ ಖರ್ಚೂ ಇಲ್ಲ. ನಾಲ್ಕು ಜನರ ಫೈನಲ್ ಇಯರ್ ಪ್ರಾಜೆಕ್ಟಿನಲ್ಲಿ ಒಬ್ಬ ಕೋಡ್ ಬರೆದು ನಾಲ್ಕೂ ಜನ ಒಂದೇ ಮಾರ್ಕ್ಸ್ ತಗೊಳ್ಳೋ ಹಾಗೆ.

ಕತ್ತರಿ ಇಲ್ಲದವು ಹುಟ್ಟೋದು ಬಹಳ ಸುಲಭ. ಲ್ಯಾಕ್ಟೋಕಾಕಸ್‌ನಲ್ಲಿ ಪಿಆರ್‌ಟಿಪಿ ಜೀನ್ ಸಾಮಾನ್ಯವಾಗಿ ಮುಖ್ಯ ಕ್ರೋಮೋಸೋಮಿನಲ್ಲಿರಲ್ಲ. ಪ್ಲಾಸ್ಮಿಡ್ ಎಂಬ ಸಣ್ಣ ಉಂಗುರದ ಡಿಎನ್ಎಯಲ್ಲಿರುತ್ತೆ. ಜೀವಕೋಶ ಎರಡಾಗುವಾಗ ಆ ಉಂಗುರ ಒಂದು ಮರಿಗೆ ಸಿಗದೇ ಹೋಗಬಹುದು. ಪೆನ್‌ಡ್ರೈವಿನಲ್ಲಿಟ್ಟ ಫೈಲ್ ಥರ, ಕಂಪ್ಯೂಟರ್ ಚೆನ್ನಾಗೇ ಇರುತ್ತೆ, ಫೈಲ್ ಮಾತ್ರ ಇರಲ್ಲ. ಲ್ಯಾಬಿನಲ್ಲಿ ಅಮೈನೋ ಆಮ್ಲ ಧಾರಾಳವಾಗಿರುವ ಸಾರಿನಲ್ಲಿ ಇವನ್ನು ತಿರುತಿರುಗಿ ಬೆಳೆಸಿದ್ರೆ ಕತ್ತರಿ ಇಲ್ಲದವು ಹೆಚ್ಚುತ್ತಾ ಹೋಗುತ್ತವೆ. ಆಮೇಲೆ ಹಾಲಿಗೆ ಹಾಕಿದ್ರೆ ಹಾಲು ಹೊತ್ತಿಗೆ ಸರಿಯಾಗಿ ಹೆಪ್ಪಾಗಲ್ಲ. ಚೀಸ್ ಕಾರ್ಖಾನೆಗಳಿಗೆ ಇದು ಹಳೇ ತಲೆನೋವು.

ಹಾಗಿದ್ರೆ ಪುಕ್ಕಟೆ ಊಟದವರೇ ಗೆದ್ದು ಹೆಪ್ಪು ಪೂರ್ತಿ ಸತ್ತುಹೋಗಬೇಕಿತ್ತು. ಯಾಕೆ ಹೋಗಿಲ್ಲ? ನೆದರ್ಲೆಂಡ್ಸಿನಲ್ಲಿ ಹೆರ್ವಿಗ್ ಬಾಖ್‌ಮನ್ ಮತ್ತು ಸಂಗಡಿಗರು ಕತ್ತರಿ ಇರುವ, ಇಲ್ಲದ ಲ್ಯಾಕ್ಟೋಕಾಕಸ್‌ಗಳನ್ನು ಹಾಲಿನಲ್ಲಿ ಬೆರೆಸಿ ಬೆಳೆಸಿ 2011ರಲ್ಲಿ ಪ್ರಕಟಿಸಿದ ಉತ್ತರ ದೂರದ ಲೆಕ್ಕದಲ್ಲಿದೆ. ಬ್ಯಾಕ್ಟೀರಿಯಾ ವಿರಳವಾಗಿದ್ದಾಗ ಕತ್ತರಿ ಇದ್ದವು ಗೆಲ್ಲುತ್ತವೆ, ದಟ್ಟವಾಗಿದ್ದಾಗ ಇಲ್ಲದವು ಲಾಭ ಮಾಡಿಕೊಳ್ಳುತ್ತವೆ.

ಯಾಕೆ ಅಂತ ನಾವೇ ಅಂದಾಜು ಮಾಡಬಹುದು. ಒಂದು ಎಂಎಲ್‌ನಲ್ಲಿ 10 ಲಕ್ಷ ಬ್ಯಾಕ್ಟೀರಿಯಾ ಇದ್ರೆ ಒಂದಕ್ಕೂ ಇನ್ನೊಂದಕ್ಕೂ ಸರಾಸರಿ ದೂರ 100 ಮೈಕ್ರಾನ್, ಅಂದ್ರೆ ಬ್ಯಾಕ್ಟೀರಿಯಾದ ಅಗಲದ 100 ಪಟ್ಟು. ತುಣುಕು ಬಿದ್ದ ಜಾಗದಲ್ಲಿ ಅದರ ಸಾಂದ್ರತೆ ಹೆಚ್ಚು, ದೂರ ಹೋದಂತೆಲ್ಲ ಕಡಿಮೆ. ಹಾಗಾಗಿ ಕತ್ತರಿಸಿದವನಿಗೇ ಮೊದಲ ತುತ್ತು. ಪಕ್ಕದವನನ್ನು ತಲುಪೋ ಹೊತ್ತಿಗೆ ತೆಳುವಾಗಿರುತ್ತೆ. ಒಂದು ಎಂಎಲ್‌ನಲ್ಲಿ 100 ಕೋಟಿ ಆದಾಗ ದೂರ 10 ಮೈಕ್ರಾನಿಗೆ ಇಳಿಯುತ್ತೆ. ಪಿಜಿಯ ಡಬಲ್ ಡೆಕ್ಕರ್ ಮಂಚದ ಥರ ಪಕ್ಕದಲ್ಲೇ ಪಕ್ಕದವನು. ಆಗ ಬಿದ್ದ ತುಣುಕು ಯಾರದ್ದೂ ಆಗುತ್ತೆ. ಕತ್ತರಿಯನ್ನು ಗೋಡೆಗೆ ಕಟ್ಟಿಹಾಕಿರೋದರ ಅರ್ಥ ಇಲ್ಲಿ ಗೊತ್ತಾಗುತ್ತೆ: ಬಿಟ್ಟುಬಿಟ್ಟಿದ್ದರೆ ಮೊದಲ ತುತ್ತೂ ಕೈತಪ್ಪುತ್ತಿತ್ತು.

ಇದೇ ಸೋರಿಕೆಯಿಂದ ಒಳ್ಳೇ ಪಾಲುದಾರಿಕೆಯೂ ಹುಟ್ಟಿದೆ. ಯೋಗರ್ಟ್ ಮಾಡೋಕೆ ಎರಡು ಬ್ಯಾಕ್ಟೀರಿಯಾಗಳನ್ನು ಜೋಡಿಯಾಗಿ ಬಳಸ್ತಾರೆ: ಲ್ಯಾಕ್ಟೋಬ್ಯಾಸಿಲಸ್ ಬಲ್ಗಾರಿಕಸ್ ಮತ್ತು ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್. ಬಲ್ಗಾರಿಕಸ್ ಹತ್ತಿರ ಬಲವಾದ ಕತ್ತರಿ ಇದೆ. ಥರ್ಮೋಫಿಲಸ್‌ನ ಬಹಳ ತಳಿಗಳಲ್ಲಿ ಇಲ್ಲ, ಇದ್ದರೂ ಕೆಲವದರಲ್ಲಿ ಮಾತ್ರ. ಅದು ಬಲ್ಗಾರಿಕಸ್ ಕತ್ತರಿಸಿದ್ದನ್ನು ತಿಂದು ಬೆಳೆದು ಪ್ರತಿಯಾಗಿ ಫಾರ್ಮಿಕ್ ಆಮ್ಲ, ಇಂಗಾಲದ ಡೈಆಕ್ಸೈಡ್ ಕೊಡುತ್ತೆ. ಬಲ್ಗಾರಿಕಸ್‌ಗೆ ಅವು ಬೇಕು. ಎರಡೂ ಬೇರೆ ಬೇರೆ ಇದ್ದಾಗಿನ ಆಮ್ಲಕ್ಕಿಂತ ಜೊತೆಗಿದ್ದಾಗ ಬೇಗ ಆಮ್ಲ ಬರುತ್ತೆ.

ಕತ್ತರಿ ಮಿತಿಮೀರಿದ್ರೆ ಕಹಿ

ಪ್ರೋಟೀನ್ ತುಣುಕುಗಳೆಲ್ಲ ರುಚಿಯಾಗಿರಲ್ಲ. ಕೇಸಿನ್ನಿನ ಕೆಲವು ಭಾಗಗಳಲ್ಲಿ ನೀರಿಗೆ ಒಗ್ಗದ ಅಮೈನೋ ಆಮ್ಲಗಳು ಸಾಲಾಗಿವೆ. ಇಡೀ ಕೇಸಿನ್ನಿನೊಳಗೆ ಅವು ಅಡಗಿರುತ್ತವೆ, ತುಣುಕಾದಾಗ ಹೊರಬಿದ್ದು ನಾಲಿಗೆಗೆ ಕಹಿ. ಮೊದಲ ಹಂತದ ಕತ್ತರಿ ಜೋರಾಗಿದ್ದು ಎರಡನೇ ಹಂತದ ಪೆಪ್ಟಿಡೇಸ್ ಸಾಲದೇ ಹೋದ್ರೆ ಕಹಿ ಉಳಿಯುತ್ತೆ. ಹಸಿ ಅನಾನಸ್ ಹೋಳನ್ನು ಒಂದು ಲೋಟ ಹಾಲಿಗೆ ಹಾಕಿಟ್ಟು ಆಮೇಲೆ ರುಚಿ ನೋಡಿ. ಅನಾನಸ್ಸಿನ ಬ್ರೊಮೆಲಿನ್ ಎಂಬ ಪ್ರೋಟಿಯೇಸ್ ಮಾಡಿದ ಕೆಲಸ ನಾಲಿಗೆಗೆ ತಿಳಿಯುತ್ತೆ. ಹೋಳನ್ನು ಚೆನ್ನಾಗಿ ಬೇಯಿಸಿ ಹಾಕಿದ್ರೆ ಹಾಗಾಗಲ್ಲ, ಕಿಣ್ವ ಬಿಸಿಗೆ ಕೆಟ್ಟಿರುತ್ತೆ.

ಎಲ್ಲಾ ಕಿಣ್ವಗಳೂ ಬಿಸಿಗೆ ಹೀಗೆ ಸೋಲಲ್ಲ ಅನ್ನೋದೇ ಡೈರಿಯವರ ಚಿಂತೆ. ಗುಬ್ಬಿ, ಕುಣಿಗಲ್ ಕಡೆಯ ಹಾಲು ಸಂಘಗಳಿಂದ ಮಲ್ಲಸಂದ್ರದಲ್ಲಿರುವ ತುಮಕೂರು ಹಾಲು ಒಕ್ಕೂಟದ ಡೈರಿಗೆ ಬರುವಂಥ ಹಾಲನ್ನು ದಾರಿಯಲ್ಲಿ ತಣ್ಣಗೆ ಇಡಬೇಕು. ತಣ್ಣಗಿದ್ರೆ ಹುಳಿ ಮಾಡುವ ಬ್ಯಾಕ್ಟೀರಿಯಾ ಸುಮ್ಮನಾಗುತ್ತವೆ. ಆದರೆ ಸ್ಯೂಡೋಮೊನಾಸ್ ಗುಂಪಿನವು 4ರಿಂದ 7 ಡಿಗ್ರಿಯಲ್ಲೂ ನಿಧಾನವಾಗಿ ಬೆಳೀತವೆ. ಅವುಗಳ ಪ್ರೋಟಿಯೇಸ್ ಹಾಲಿಗೇ ಸುರಿಯುತ್ತೆ. ಪಾಶ್ಚರೀಕರಣದಲ್ಲಿ ಬ್ಯಾಕ್ಟೀರಿಯಾ ಸಾಯುತ್ತೆ, ಆ ಕಿಣ್ವ ಸಾಯಲ್ಲ. 140 ಡಿಗ್ರಿಗೆ ಕೆಲವು ಸೆಕೆಂಡ್ ಕಾಯಿಸುವ ಯುಎಚ್‌ಟಿಯಲ್ಲೂ ಒಂದಷ್ಟು ಉಳಿಯುತ್ತೆ. ಆಮೇಲೆ ತಿಂಗಳುಗಟ್ಟಲೆ ಡಬ್ಬಿಯೊಳಗೆ ಕೇಸಿನ್ ಕತ್ತರಿಸ್ತಾ ಕೂರುತ್ತೆ. ಅದಕ್ಕೇ ಹಾಲು ಕರೆದ ಕೂಡಲೇ ತಣ್ಣಗೆ ಮಾಡೋದು, ತಣ್ಣಗಿದೆ ಅಂತ ದಿನಗಟ್ಟಲೆ ಕಾಯದೇ ಕಾಯಿಸೋದು ಎರಡೂ ಮುಖ್ಯ. ಫ್ರಿಜ್ಜಿನಲ್ಲಿ ಒಡೆದ ಪ್ಯಾಕೆಟ್ ಹಾಲು ಬಹಳ ದಿನವಿಟ್ಟರೆ ಹುಳಿಗಿಂತ ಮೊದಲು ಕಹಿಯಾಗೋದೂ ಇದೇ ಬಗೆಯ ಬ್ಯಾಕ್ಟೀರಿಯಾಗಳಿಂದ.

ಕತ್ತರಿಯನ್ನೇ ನೆಚ್ಚಿಕೊಂಡ ಅಡುಗೆಗಳೂ ಇವೆ. ನಾಗಾಲ್ಯಾಂಡಿನ ಅಖುನಿ, ಮಣಿಪುರದ ಹವಾಯ್‌ಜಾರ್, ಸಿಕ್ಕಿಂನ ಕಿನೆಮಾ, ಜಪಾನಿನ ನಾಟ್ಟೋ ಇವೆಲ್ಲ ಬೇಯಿಸಿದ ಸೋಯಾ ಕಾಳನ್ನು ಬ್ಯಾಸಿಲಸ್ ಸಬ್ಟಿಲಿಸ್‌ನಂಥ ಬ್ಯಾಕ್ಟೀರಿಯಾಗಳಿಂದ ಹುದುಗಿಸಿ ಮಾಡುವಂಥವು. ಬ್ಯಾಸಿಲಸ್ ತನ್ನ ಕತ್ತರಿಯನ್ನು ಗೋಡೆಗೆ ಕಟ್ಟಿಹಾಕಲ್ಲ, ಹೊರಗೆ ಸುರಿಯುತ್ತೆ. ಪ್ರೋಟೀನ್ ಬಹಳಷ್ಟು ಕರಗುತ್ತೆ, ಅಮೋನಿಯಾ ಹೊರಬರುತ್ತೆ, ಆ ಘಾಟು ವಾಸನೆಗೆ ಅದೇ ಕಾರಣ. ಈ ಕಿಣ್ವಗಳ ಬಳಗದ ಹೆಸರು ಸಬ್ಟಿಲಿಸಿನ್. ಬಟ್ಟೆ ಒಗೆಯುವ ಪುಡಿಯಲ್ಲಿ ರಕ್ತ, ಮೊಟ್ಟೆ, ಬೆವರಿನ ಕಲೆ ತೆಗೆಯೋಕೆ ಸೇರಿಸುವ ಪ್ರೋಟಿಯೇಸ್ ಇದೇ ಬಳಗದ್ದು. ಸ್ವಾರಸ್ಯ ಏನಂದ್ರೆ ನಮ್ಮ ಮೊಸರಿನ ಪಿಆರ್‌ಟಿಪಿ ಕೂಡ ಇದೇ ವಂಶದ ದೂರದ ನೆಂಟ.

ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಹಿಟ್ಟಿನಲ್ಲಿ ಏನು ನಡೆಯುತ್ತೆ ಅಂತ ಕೇಳ್ತೀರ? ಇಡ್ಲಿ ಹಿಟ್ಟು ಉಬ್ಬೋದರಲ್ಲಿ ಲ್ಯೂಕೋನಾಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾದ ಅನಿಲದ ಪಾತ್ರವನ್ನು 1965ರಲ್ಲಿ ಒಂದು ಸಂಶೋಧನಾ ತಂಡ ತೋರಿಸಿಕೊಟ್ಟಿತು. ಅಲ್ಲಿ ಉಬ್ಬಿಸೋದು ಅನಿಲ. ಅದನ್ನು ಹಿಡಿದಿಟ್ಟುಕೊಳ್ಳೋದರಲ್ಲಿ ಉದ್ದಿನ ಪ್ರೋಟೀನಿಗೂ ಪಾಲಿದೆ. ಅಲ್ಲಿ ಪ್ರೋಟೀನನ್ನು ಪೂರ್ತಿ ಕತ್ತರಿಸಿಬಿಟ್ಟರೆ ಇಡ್ಲಿಗೇ ನಷ್ಟ.

ಹೆಪ್ಪು ಉಳಿಸಿಕೊಳ್ಳೋದು

ಸದಾಶಿವನಗರದಲ್ಲಿ ರೂಮು ಮಾಡಿಕೊಂಡು ಅಡುಗೆ ಮಾಡಿಕೊಳ್ಳುವವರಿಗೆ ಈ ಎಲ್ಲದರಿಂದ ಏನು ಉಪಯೋಗ? ನಾಲ್ಕು ಮಾತು. ಒಂದು, ಹೆಪ್ಪನ್ನು ಆಗಷ್ಟೇ ಗಟ್ಟಿಯಾದ ಮೊಸರಿನಿಂದ ತೆಗೆದಿಡಿ. ವಾರದ ಹುಳಿ ಮೊಸರಿನಲ್ಲಿ ಆಮ್ಲಕ್ಕೆ ಸಿಕ್ಕಿ ಬಹಳ ಬ್ಯಾಕ್ಟೀರಿಯಾ ಸತ್ತಿರುತ್ತವೆ. ಎರಡು, ಹಾಲನ್ನು ಕುದಿಸಿ ಉಗುರು ಬೆಚ್ಚಗಾದ ಮೇಲೆ ಹೆಪ್ಪು ಹಾಕಿ. ಸುಡುವ ಹಾಲಿಗೆ ಹಾಕಿದ್ರೆ ಹೆಪ್ಪೇ ಬೇಯುತ್ತೆ. ಕುದಿಸಿದಾಗ ಹಾಲೊಡಕಿನ ಪ್ರೋಟೀನುಗಳು ಕೇಸಿನ್ನಿಗೆ ಅಂಟಿಕೊಂಡು ಮೊಸರು ಗಟ್ಟಿಯೂ ಆಗುತ್ತೆ. ಮೂರು, ಡಿಸೆಂಬರ್ ಚಳಿಯಲ್ಲಿ ದ್ವಿಗುಣಕ್ಕೆ ಹೆಚ್ಚು ಹೊತ್ತು ಬೇಕು, ಕತ್ತರಿಯೂ ನಿಧಾನ. ಪಾತ್ರೆಗೆ ಟವೆಲ್ ಸುತ್ತಿಡಿ, ಹೊತ್ತು ಹೆಚ್ಚು ಕೊಡಿ. ನಾಲ್ಕು, ಮೊಸರು ಆಗಲಿಲ್ಲ ಅಂತ ಸೌಟುಗಟ್ಟಲೆ ಹೆಪ್ಪು ಸುರಿಯೋ ಅಭ್ಯಾಸ ಬೇಡ. ಹಳೇ ಆಮ್ಲ ಸೇರಿ ಹಾಲು ಹುಳಿಯಾದಂತೆ ಕಾಣುತ್ತೆ, ಆದರೆ ಬ್ಯಾಕ್ಟೀರಿಯಾ ವಿರಳವಾಗಿ ಶುರುವಾಗಿ ಬೆಳೆಯುವ ಹಂತವೇ ತಪ್ಪಿಹೋಗುತ್ತೆ.

ಬಯೋಟೆಕ್, ಕೆಮಿಕಲ್ ವಿಭಾಗದವರಿಗೆ ಇಲ್ಲೊಂದು ಒಳ್ಳೇ ಮಿನಿ ಪ್ರಾಜೆಕ್ಟ್ ಇದೆ. ಹಾಲಿನಿಂದ ಮಾಡಿದ ಅಗರ್ ತಟ್ಟೆಗೆ ಆಮ್ಲ ತೋರಿಸುವ ಬಣ್ಣ ಸೇರಿಸಿ ಲ್ಯಾಕ್ಟೋಕಾಕಸ್ ಬೆಳೆಸಿದ್ರೆ ಕತ್ತರಿ ಇರುವವುಗಳ ಕಾಲನಿ ದೊಡ್ಡದಾಗಿಯೂ ಇಲ್ಲದವುಗಳದ್ದು ಸಣ್ಣದಾಗಿಯೂ ಬರುತ್ತೆ. ಎರಡನ್ನೂ ಎಣಿಸಬಹುದು. ಒಂದೇ ಮನೆಯ ಹೆಪ್ಪನ್ನು ಎರಡು ಸಾಲಾಗಿ ನಡೆಸಿ: ಒಂದಕ್ಕೆ ದಿನಾ ನೂರಕ್ಕೆ ಒಂದು ಭಾಗ ಹೆಪ್ಪು, ಇನ್ನೊಂದಕ್ಕೆ ನೂರಕ್ಕೆ ಇಪ್ಪತ್ತು. ಒಂದು ತಿಂಗಳು ಬಿಟ್ಟು ಕತ್ತರಿ ಇರುವವರ ಪ್ರಮಾಣ ನೋಡಿ. ಮನೆ ಮೊಸರಿನಲ್ಲಿ ಹಲವು ಜಾತಿ ಬ್ಯಾಕ್ಟೀರಿಯಾ ಇರೋದರಿಂದ ಬರುವ ಉತ್ತರ ಲ್ಯಾಬಿನ ಎರಡು ತಳಿಗಳ ಉತ್ತರದಷ್ಟು ಸರಳವಾಗಿರಲ್ಲ, ಅದೇ ಅದರ ಸ್ವಾರಸ್ಯ.

ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆ ಶುರುವಾದದ್ದು 1923ರಲ್ಲಿ, ನಮ್ಮ ಬೆಂಗಳೂರಿನಲ್ಲೇ. 1955ರಲ್ಲಿ ಅದರ ಕೇಂದ್ರ ಹರಿಯಾಣದ ಕರ್ನಾಲ್‌ಗೆ ಹೋಯ್ತು, ಆಡುಗೋಡಿಯಲ್ಲಿ ದಕ್ಷಿಣದ ಶಾಖೆ ಉಳೀತು. ಹಾಲಿನ ಬ್ಯಾಕ್ಟೀರಿಯಾ ತಳಿಗಳನ್ನು ಒಣಗಿಸಿ, ಹೆಪ್ಪುಗಟ್ಟಿಸಿ ಕಾಪಾಡುವ ಭಂಡಾರ ಕರ್ನಾಲ್‌ನಲ್ಲಿದೆ. ಆದರೆ ನಮ್ಮ ಊರುಗಳ ಮನೆಗಳಲ್ಲಿ ದಿನಾ ಸಂಜೆ ಹಾಲಿನಿಂದ ಹಾಲಿಗೆ ದಾಟುತ್ತಾ ಬಂದ ಹೆಪ್ಪುಗಳು ಯಾವ ಭಂಡಾರದಲ್ಲೂ ಪೂರ್ತಿ ಸಿಗಲ್ಲ. ಅವುಗಳೊಳಗಿನ ಕತ್ತರಿ ಮೊಂಡಾಗದೇ ಉಳಿದಿರೋದು ದಿನಾ ಕೇಸಿನ್ ಜೊತೆ ಕೆಲಸ ಬಿದ್ದಿದ್ದರಿಂದ. ಪ್ಯಾಕೆಟ್ ಮೊಸರು ತರೋದು ಸುಲಭ, ತಪ್ಪೂ ಅಲ್ಲ. ಆದರೆ ಮನೆಯಲ್ಲಿ ಹೆಪ್ಪು ಹಾಕೋದು ನಿಂತ ದಿನ ಆ ಮನೆಯ ತಳಿಯೂ ಅಲ್ಲಿಗೇ ನಿಲ್ಲುತ್ತೆ. ಈ ಸಲ ರಜೆಗೆ ಊರಿಗೆ ಹೋದಾಗ ವಾಪಸ್ ಬರುವಾಗ ಉಪ್ಪಿನಕಾಯಿ ಬಾಟಲಿ ಜೊತೆ ಒಂದು ಸಣ್ಣ ಡಬ್ಬಿಯಲ್ಲಿ ಎರಡು ಚಮಚ ಮೊಸರನ್ನೂ ತನ್ನಿ.